38 ಒತ್ತಿದರೆ ಸ್ನೇರ್ ಬರಬೇಕು

ಕೆಲವು ವರ್ಷಗಳ ಹಿಂದೆ ಒಂದು ನಾಟಕಕ್ಕೆ ಹಿನ್ನೆಲೆ ಸಂಗೀತ ಮಾಡುತ್ತಿದ್ದೆ. ಗೆಳೆಯನ ಮನೆಯಲ್ಲಿದ್ದ ಡ್ರಮ್ ಸೆಟ್ಟಿನಿಂದ ಏಳು ಸದ್ದು, ಜೊತೆಗೆ ಒಂದು ಚಪ್ಪಾಳೆ, ಒಟ್ಟು ಎಂಟು ಸ್ಯಾಂಪಲ್ ರೆಕಾರ್ಡ್ ಮಾಡಿಕೊಂಡಿದ್ದೆ. ಎಂಟೂ ಫೈಲುಗಳನ್ನು ಒಟ್ಟಿಗೆ ಎಳೆದು ಸ್ಯಾಂಪ್ಲರಿಗೆ, ಅಂದರೆ ರೆಕಾರ್ಡ್ ಮಾಡಿದ ಸದ್ದುಗಳನ್ನು ಕೀಬೋರ್ಡಿನ ಮನೆಗಳಿಗೆ ಕೂರಿಸಿ ನುಡಿಸುವ ಸಾಫ್ಟ್‌ವೇರಿಗೆ, ಹಾಕಿದೆ. ಕೀಬೋರ್ಡಿನ ಪ್ರತಿ ಮನೆಗೂ ಒಂದು ನೋಟ್ ನಂಬರ್ ಇರುತ್ತದೆ. ಸಾಫ್ಟ್‌ವೇರ್ ಅವನ್ನು ಇಂಗ್ಲಿಷ್ ಅಕ್ಷರಗಳ ಕ್ರಮದಲ್ಲಿ ಸಾಲಾಗಿ ಕೂರಿಸಿತು. ನೋಟ್ ನಂಬರ್ 36ಕ್ಕೆ ಕ್ಲ್ಯಾಪ್, 37ಕ್ಕೆ ಕ್ರ್ಯಾಶ್, 38ಕ್ಕೆ ಕ್ಲೋಸ್ಡ್ ಹ್ಯಾಟ್, 39ಕ್ಕೆ ಓಪನ್ ಹ್ಯಾಟ್, 40ಕ್ಕೆ ಕಿಕ್, 41ಕ್ಕೆ ರೈಡ್, 42ಕ್ಕೆ ಸ್ನೇರ್, 43ಕ್ಕೆ ಟಾಮ್. ಕಿಕ್ ಅಂದರೆ ಕಾಲಲ್ಲಿ ಹೊಡೆಯುವ ದೊಡ್ಡ ಡ್ರಮ್, ಸ್ನೇರ್ ಅಂದರೆ ಚಟ್ ಅನ್ನುವ ಚಿಕ್ಕ ಡ್ರಮ್, ಟಾಮ್ ದುಂಡು ಸದ್ದಿನ ಡ್ರಮ್. ಕ್ರ್ಯಾಶ್, ರೈಡ್, ಹ್ಯಾಟ್ (ಅದೇ ಹೈಹ್ಯಾಟ್) ಲೋಹದ ತಟ್ಟೆಗಳು. ಕಿವಿಗೆ ಚೆನ್ನಾಗಿಯೇ ಇತ್ತು. ನಾಟಕದ ಸಂಗೀತವನ್ನೆಲ್ಲ ಅದರ ಮೇಲೆಯೇ ಕಟ್ಟಿದೆ.

ಆಮೇಲೆ ಅದರ ಮಿಡಿ ಫೈಲನ್ನು ಇನ್ನೊಂದು ಸ್ಟುಡಿಯೋಗೆ ಕಳಿಸಿದೆ. ಆ ಫೈಲಿನಲ್ಲಿ ಸದ್ದು ಇರುವುದಿಲ್ಲ, ಯಾವಾಗ ಯಾವ ನಂಬರ್ ನುಡಿಸಬೇಕು ಅನ್ನುವುದು ಮಾತ್ರ ಇರುತ್ತದೆ. ಅವರ ಹತ್ತಿರ ನನ್ನದಕ್ಕಿಂತ ಒಳ್ಳೆಯ ಡ್ರಮ್ ಸದ್ದುಗಳಿದ್ದವು. ಫೈಲ್ ತೆರೆದು ಪ್ಲೇ ಒತ್ತಿದರು. ಹೈಹ್ಯಾಟ್ ಇರಬೇಕಾದ ಕಡೆಯೆಲ್ಲ ಸ್ನೇರ್. ಒಂದು ಆವರ್ತಕ್ಕೆ ಎಂಟು ಏಟು, ನಾಲ್ಕು ಆವರ್ತಕ್ಕೆ 32 ಸ್ನೇರ್, ಬಿಡುವೇ ಇಲ್ಲ. ಅದರ ನಡುವೆ ನಿಜವಾದ ಸ್ನೇರ್ ಬರಬೇಕಾದ ಜಾಗದಲ್ಲಿ ಒಂದು ಸಣ್ಣ ‘ಚಿಕ್’. ನಾಯಕಿ ಮನೆ ಬಿಟ್ಟು ಹೋಗುವ ದೃಶ್ಯ ಅದು.

ಯಾಕೆ ಹೀಗಾಯಿತು? ಅವರ ಕಿಟ್, ಅಂದರೆ ನಂಬರುಗಳಿಗೆ ಕೂರಿಸಿದ ಡ್ರಮ್ ಸದ್ದುಗಳ ಗುಂಪು, ಎಲ್ಲರೂ ಒಪ್ಪಿದ ಸ್ಟ್ಯಾಂಡರ್ಡ್ ಪ್ರಕಾರ ಇತ್ತು. ಅದರಲ್ಲಿ 38 ಅಂದರೆ ಸ್ನೇರ್, 42 ಅಂದರೆ ಕ್ಲೋಸ್ಡ್ ಹೈಹ್ಯಾಟ್. ನನ್ನ ಕಿಟ್ಟಿನಲ್ಲಿ ಇವೆರಡು ಸರಿಯಾಗಿ ಅದಲು ಬದಲಾಗಿದ್ದವು. ನಾನು ಮಾಡಿದ ಮೊದಲ ಕೆಲಸ ಏನು ಗೊತ್ತಾ? ಹಾಡಿಗೆ ಕೈ ಹಾಕಿದೆ. 42ರಲ್ಲಿದ್ದ ನೋಟುಗಳನ್ನೆಲ್ಲ ಆರಿಸಿ 38ಕ್ಕೆ ಇಳಿಸಿದೆ. 38ರಲ್ಲಿ ಆಗಲೇ ಹ್ಯಾಟ್ ನೋಟುಗಳಿದ್ದವಲ್ಲ, ಇವೂ ಹೋಗಿ ಅವುಗಳ ಜೊತೆ ಬೆರೆತವು. ಯಾವುದು ಹ್ಯಾಟ್, ಯಾವುದು ಸ್ನೇರ್ ಅಂತ ಬೇರೆ ಮಾಡುವ ದಾರಿಯೇ ಇಲ್ಲ. ಸಕ್ಕರೆ ಡಬ್ಬಿಗೆ ಉಪ್ಪು ಸುರಿದ ಹಾಗೆ. ಹಾಗೇ ಸೇವ್ ಕೂಡ ಮಾಡಿಬಿಟ್ಟಿದ್ದೆ. ಆ ತುಣುಕನ್ನು ಮೊದಲಿಂದ ನುಡಿಸಬೇಕಾಯಿತು.

ನಿಮಗೂ ಇಂಥ ಕೆಲಸ ಬಂದರೆ ಒಂದು ಉಪಾಯ ಇದೆ. ಎರಡು ಲೋಟದ ಹಾಲು ಮತ್ತು ನೀರನ್ನು ಅದಲು ಬದಲು ಮಾಡಲು ಮೂರನೇ ಲೋಟ ಬೇಕು. 42ನ್ನು ಮೊದಲು ಯಾವುದಾದರೂ ಖಾಲಿ ನಂಬರಿಗೆ, 100ಕ್ಕೆ ಅಂದುಕೊಳ್ಳಿ, ಕಳಿಸಿ. ಆಮೇಲೆ 38ನ್ನು 42ಕ್ಕೆ ತನ್ನಿ. ಕೊನೆಗೆ 100ನ್ನು 38ಕ್ಕೆ ಇಳಿಸಿ. ಆದರೆ ಇವತ್ತು ನಾನು ಹೇಳಬೇಕೆಂದಿರುವುದು ಬೇರೆ. ಹಾಡನ್ನು ಮುಟ್ಟಬೇಡಿ, ಕಿಟ್ ಸರಿಮಾಡಿ. ಹಾಡುಗಳು ನೂರಾರು ಇರುತ್ತವೆ, ಕಿಟ್ ಒಂದೇ. ಅದನ್ನು ಒಂದು ಸಲ ಸರಿಯಾದ ನಂಬರುಗಳಿಗೆ ಕೂರಿಸಿದರೆ ಮುಂದೆ ಬರೆಯುವ ಹಾಡು, ಬೇರೆಯವರು ಕಳಿಸುವ ಹಾಡು, ಎಲ್ಲವೂ ತಾವಾಗಿಯೇ ಸರಿಯಾಗಿ ನುಡಿಯುತ್ತವೆ.

ಈ ನಂಬರುಗಳು ಎಲ್ಲಿಂದ ಬಂದವು ಅಂತ ಸ್ವಲ್ಪ ನೋಡೋಣ. 1983ರ ಜನವರಿಯಲ್ಲಿ ಅಮೆರಿಕದ ನ್ಯಾಮ್ ಅನ್ನುವ ವಾದ್ಯಗಳ ಪ್ರದರ್ಶನದಲ್ಲಿ ಎರಡು ಬೇರೆ ಬೇರೆ ಕಂಪನಿಗಳ ಸಿಂಥಸೈಜರುಗಳನ್ನು ಒಂದು ಕೇಬಲ್ಲಿನಿಂದ ಜೋಡಿಸಿ ತೋರಿಸಿದರು. ಒಂದು ಸೀಕ್ವೆನ್ಷಿಯಲ್ ಸರ್ಕ್ಯೂಟ್ಸ್‌ನ ಪ್ರಾಫೆಟ್ 600, ಇನ್ನೊಂದು ರೋಲ್ಯಾಂಡ್‌ನ ಜ್ಯುಪಿಟರ್ 6. ಒಂದರ ಮೇಲೆ ನುಡಿಸಿದರೆ ಇನ್ನೊಂದರಲ್ಲೂ ಸದ್ದು ಬರಬೇಕು. ಬಂತು. ಪೈಪೋಟಿಯ ಕಂಪನಿಗಳು ಒಂದೇ ಭಾಷೆಗೆ, ಅಂದರೆ ಮಿಡಿಗೆ, ಒಪ್ಪಿಕೊಂಡಿದ್ದು ದೊಡ್ಡ ವಿಷಯ. ಇದರ ಹಿಂದೆ ಓಡಾಡಿದ ಸೀಕ್ವೆನ್ಷಿಯಲ್‌ನ ಡೇವ್ ಸ್ಮಿತ್ ಮತ್ತು ರೋಲ್ಯಾಂಡ್‌ನ ಇಕುಟಾರೊ ಕಾಕೆಹಾಶಿ ಅವರಿಗೆ 2013ರಲ್ಲಿ ಟೆಕ್ನಿಕಲ್ ಗ್ರ್ಯಾಮಿ ಕೊಟ್ಟರು. ಮೂವತ್ತು ವರ್ಷ ಬೇಕಾಯಿತು ನೋಡಿ.

ಮಿಡಿ ಕೇಬಲ್ಲಿನಲ್ಲಿ ಸದ್ದು ಹೋಗುವುದಿಲ್ಲ. ಇದು ಮನಸ್ಸಿನಲ್ಲಿರಲಿ. ಒಂದು ಏಟು ಹೊಡೆದರೆ ಮೂರು ಸಂಖ್ಯೆಗಳು ಹೋಗುತ್ತವೆ. ‘ಈ ಚಾನೆಲ್ಲಿನಲ್ಲಿ ಒಂದು ನೋಟ್ ಶುರುವಾಯಿತು’ ಅನ್ನುವುದು ಒಂದು. ಎಷ್ಟನೇ ನೋಟ್ ಅನ್ನುವುದು ಎರಡನೆಯದು, 0ರಿಂದ 127ರವರೆಗೆ. ಎಷ್ಟು ಜೋರು ಅನ್ನುವುದು ಮೂರನೆಯದು, ಅದೇ ವೆಲಾಸಿಟಿ. ಪಿಯಾನೋಗೆ ಇಷ್ಟು ಸಾಕು. 60 ಅಂದರೆ ನಡುವಿನ ಸಿ, ಅದರಲ್ಲಿ ಜಗಳವಿಲ್ಲ. ಡ್ರಮ್‌ಗೆ ಮಾತ್ರ ಇಷ್ಟು ಸಾಲದು. 38 ಅಂತ ಕಳಿಸಿದರೆ ಆ ಕಡೆಯ ಯಂತ್ರ ಸ್ನೇರ್ ಹೊಡೆಯಬೇಕೋ, ಗಂಟೆ ಬಾರಿಸಬೇಕೋ? 1983ರ ಒಪ್ಪಂದದಲ್ಲಿ ಅದಕ್ಕೆ ಉತ್ತರ ಇರಲಿಲ್ಲ. ಕಂಪನಿಗೊಂದು ಕ್ರಮ ಇತ್ತು.

1991ರಲ್ಲಿ ಜನರಲ್ ಮಿಡಿ ಬಂತು. ನಾನು ಆಗ ಹೇಳಿದ ಸ್ಟ್ಯಾಂಡರ್ಡ್ ಇದೇ. ಡ್ರಮ್ ಯಾವಾಗಲೂ 10ನೇ ಚಾನೆಲ್ಲಿನಲ್ಲಿ ಇರಬೇಕು, 35ರಿಂದ 81ರವರೆಗಿನ 47 ನಂಬರುಗಳಿಗೆ ಇಂತಿಂಥ ವಾದ್ಯ ಅಂತ ಅದು ಗೊತ್ತು ಮಾಡಿತು. 35, 36 ಎರಡೂ ಕಿಕ್. 37 ಸೈಡ್ ಸ್ಟಿಕ್ (ಕೋಲನ್ನು ಸ್ನೇರಿನ ಅಂಚಿಗೆ ತಟ್ಟುವ ಸದ್ದು), 38 ಸ್ನೇರ್, 39 ಚಪ್ಪಾಳೆ, 40 ಎಲೆಕ್ಟ್ರಿಕ್ ಸ್ನೇರ್. 49 ಕ್ರ್ಯಾಶ್, 51 ರೈಡ್, 56 ಕೌಬೆಲ್. ಹಾಗೆ ಮೇಲೆ ಹೋದರೆ 60ರಿಂದ ಬೊಂಗೋ, ಕಾಂಗಾ. ಕೊನೆಗೆ 80, 81ರಲ್ಲಿ ಟ್ರಯಾಂಗಲ್.

ಈ ಪಟ್ಟಿ ಬಾಯಿಪಾಠ ಮಾಡಬೇಕಾಗಿಲ್ಲ. ಕೀಬೋರ್ಡ್ ಮೇಲೆ ಕೈ ಇಟ್ಟು ನೋಡಿ, ತಾನಾಗಿ ಅರ್ಥವಾಗುತ್ತದೆ. ಇಲ್ಲಿ 36, ಇದು ಸಿ. ಇದನ್ನೇ ಷಡ್ಜ ಅಂದುಕೊಳ್ಳಿ. ಹೆಬ್ಬೆರಳು ಇಲ್ಲಿರಲಿ, ಇದು ಕಿಕ್. ಪಕ್ಕದ ಬಿಳಿ ಮನೆ ಚತುಶ್ರುತಿ ರಿಷಭ, 38, ಸ್ನೇರ್. ಈಗ ಮೇಲಿನ ಮೂರು ಕಪ್ಪು ಮನೆ ನೋಡಿ. ಪ್ರತಿಮಧ್ಯಮ 42, ಅದು ಕ್ಲೋಸ್ಡ್ ಹೈಹ್ಯಾಟ್. ಶುದ್ಧ ಧೈವತ 44, ಕಾಲಲ್ಲಿ ಒತ್ತಿ ಮುಚ್ಚುವ ಹ್ಯಾಟ್. ಕೈಶಿಕಿ ನಿಷಾದ 46, ಓಪನ್ ಹ್ಯಾಟ್. ಮೂರು ಹ್ಯಾಟುಗಳೂ ಕಪ್ಪು ಮನೆಯಲ್ಲಿ ಅಕ್ಕಪಕ್ಕ. ಅವುಗಳ ಸಂದಿಯಲ್ಲಿರುವ ಬಿಳಿ ಮನೆಗಳು 41, 43, 45, 47, ಆಮೇಲೆ 48, 50. ಆರೂ ಟಾಮ್, ತಗ್ಗಿನಿಂದ ಎತ್ತರಕ್ಕೆ. ಅಂದರೆ ಬಿಳಿ ಮನೆಗಳ ಮೇಲೆ ಬೆರಳು ಜಾರಿಸಿದರೆ ಟಾಮ್ ರೋಲ್, ಕಪ್ಪು ಮನೆಗಳಲ್ಲಿ ಹ್ಯಾಟ್. ಕಾಗದದ ಮೇಲೆ ಓದಿದರೆ ಟಾಮ್, ಹ್ಯಾಟ್, ಟಾಮ್, ಹ್ಯಾಟ್ ಅಂತ ಕಲಸುಮೇಲೋಗರದ ಹಾಗೆ ಕಾಣುತ್ತದೆ. ಬೆರಳಿಗೆ ಅದು ಅಚ್ಚುಕಟ್ಟು. ಈ ಜೋಡಣೆ ನನಗೆ ತುಂಬಾ ಇಷ್ಟ. ನುಡಿಸುವವರ ಕೈ ಗೊತ್ತಿದ್ದವರೇ ಇದನ್ನು ಮಾಡಿದ್ದಾರೆ ಅನ್ನಿಸುತ್ತದೆ.

ನಡುವೆ ಒಂದು ಎಚ್ಚರಿಕೆ. ಯಾರಾದರೂ ‘ಕಿಕ್ ಸಿ1ರಲ್ಲಿದೆ’ ಅಂದರೆ ನಂಬಿಕೊಂಡು ಕೂರಬೇಡಿ. ಸಿ ಪಕ್ಕದ ಅಂಕಿ ಎಷ್ಟನೇ ಸ್ಥಾಯಿ ಅನ್ನುವುದನ್ನು ಹೇಳುತ್ತದೆ. 60ನೇ ನೋಟನ್ನು ಕೆಲವು ಸಾಫ್ಟ್‌ವೇರ್ ಸಿ3 ಅನ್ನುತ್ತವೆ, ಕೆಲವು ಸಿ4, ಕೆಲವು ಸಿ5. ಹಾಗಾಗಿ 36 ಒಂದು ಕಡೆ ಸಿ1, ಇನ್ನೊಂದು ಕಡೆ ಸಿ2, ಮತ್ತೊಂದು ಕಡೆ ಸಿ3. ನಂಬರ್ ಮಾತ್ರ ಎಲ್ಲ ಕಡೆಯೂ 36. ಆದ್ದರಿಂದ ಯಾವಾಗಲೂ ನಂಬರಿನಲ್ಲೇ ಮಾತಾಡಿ, ನಂಬರಿನಲ್ಲೇ ಬರೆದಿಡಿ.

ಈಗ ಕಿಟ್ ಸರಿಮಾಡುವ ಕೆಲಸಕ್ಕೆ ಬರೋಣ. ಸ್ಯಾಂಪ್ಲರಿಗೆ ಕಿಟ್ ಬರೆದಿಡಲು ಎಸ್‌ಎಫ್‌ಝಡ್ ಅಂತ ಒಂದು ಫೈಲ್ ಮಾದರಿ ಇದೆ. ಅದು ಸುಮ್ನೆ ಒಂದು ಟೆಕ್ಸ್ಟ್ ಫೈಲ್, ನೋಟ್‌ಪ್ಯಾಡಿನಲ್ಲೇ ತೆರೆಯಬಹುದು. ಪ್ರತಿ ಸ್ಯಾಂಪಲ್ಲಿಗೆ ಒಂದು ಸಾಲು. ಯಾವ ಫೈಲ್, ಯಾವ ಕೀ, ಅಷ್ಟೇ. ಕಿಕ್ ಇರುವ ಸಾಲಿನಲ್ಲಿ 40 ಅಳಿಸಿ 36 ಬರೆದರೆ ಕೆಲಸ ಮುಗಿಯಿತು. ಕಲಿಯುವವರಿಗೆ ನಾನು ಇದನ್ನೇ ಹೇಳುತ್ತೇನೆ, ಎಲ್ಲ ಕಣ್ಣಿಗೆ ಕಾಣುತ್ತದೆ. ಸದ್ದು, ಜೋಡಣೆ ಎರಡನ್ನೂ ಒಂದೇ ಫೈಲಿನಲ್ಲಿಡುವ ಸೌಂಡ್‌ಫಾಂಟ್ ಅನ್ನುವ ಮಾದರಿ ಬಳಸುವವರು ಪಾಲಿಫೋನ್ ಅನ್ನುವ ಉಚಿತ ಎಡಿಟರಿನಲ್ಲಿ ಇದೇ ಕೆಲಸ ಮಾಡಬಹುದು. ಅಲ್ಲಿ ಒಂದು ವಿಷಯ ನೆನಪಿರಲಿ. ಡ್ರಮ್ ಕಿಟ್ಟನ್ನು 128ನೇ ಬ್ಯಾಂಕಿಗೆ ಹಾಕಬೇಕು. ಇಲ್ಲದಿದ್ದರೆ 10ನೇ ಚಾನೆಲ್ ಅದನ್ನು ಹುಡುಕುವುದಿಲ್ಲ.

ನಂಬರ್ ಬದಲಿಸಿದ ಕೂಡಲೇ ಹೆಚ್ಚಿನವರು ಎಡವುವುದು ಶ್ರುತಿಯಲ್ಲಿ. ಸ್ಯಾಂಪ್ಲರ್ ಮೂಲತಃ ಪಿಯಾನೋ ತರಹ ಯೋಚಿಸುತ್ತದೆ. 60ರಲ್ಲಿ ಇದ್ದ ಸದ್ದನ್ನು 38ಕ್ಕೆ ತಂದರೆ, ‘ಓ, 22 ಸ್ವರಸ್ಥಾನ ಕೆಳಗೆ ನುಡಿಸಬೇಕು’ ಅಂದುಕೊಳ್ಳುತ್ತದೆ. ಆಗ ಸ್ನೇರ್ ಮೂರೂವರೆ ಪಟ್ಟು ನಿಧಾನವಾಗಿ ನುಡಿಯುತ್ತದೆ. ಒಂದು ಸೆಕೆಂಡಿನ ಟಕ್ ಅನ್ನುವ ಏಟು ಮೂರೂವರೆ ಸೆಕೆಂಡಿನ ಗುಡುಗಾಗುತ್ತದೆ. ಕೇಳಿ, ಇದು ಅದೇ ಸ್ನೇರ್. ಗುರುತು ಸಿಗುತ್ತಾ? ಪರಿಹಾರ ಸುಲಭ. ಕೀ ಜೊತೆಗೆ ರೂಟ್ ಕೀ, ಅಂದರೆ ಸದ್ದು ತನ್ನ ಮೂಲ ಶ್ರುತಿಯಲ್ಲಿ ನುಡಿಯುವ ಕೀ, ಕೂಡ 38 ಮಾಡಿ. ಅಥವಾ ಕೀ ಬದಲಾದರೂ ಶ್ರುತಿ ಬದಲಾಗದಂತೆ ಟ್ರ್ಯಾಕಿಂಗ್ ಆಫ್ ಮಾಡಿ. ಡ್ರಮ್ ಕಿಟ್ಟಿಗೆ ನಾನು ಎರಡನ್ನೂ ಮಾಡುತ್ತೇನೆ.

ಇನ್ನೊಂದು, ನೋಟಿನ ಉದ್ದ. ಡ್ರಮ್ ಫೈಲುಗಳಲ್ಲಿ ನೋಟುಗಳು ತೀರಾ ಚಿಕ್ಕವು. ಏಟು ಬಿದ್ದ ಕೂಡಲೇ ನೋಟ್ ಆಫ್ ಬಂದುಬಿಡುತ್ತದೆ. ಸ್ಯಾಂಪ್ಲರ್ ಅದನ್ನು ಪಾಲಿಸಿದರೆ ಕ್ರ್ಯಾಶ್ ‘ಚ್’ ಅಂತ ಸತ್ತುಹೋಗುತ್ತದೆ. ಒನ್ ಶಾಟ್ ಅನ್ನುವ ಆಯ್ಕೆ ಇರುತ್ತದೆ, ಅದನ್ನು ಹಾಕಿ. ಆಗ ಸದ್ದು ತನ್ನ ಪೂರ್ತಿ ಉದ್ದ ಕೇಳಿಸುತ್ತದೆ.

ಹಾಗಾದರೆ ಓಪನ್ ಹೈಹ್ಯಾಟ್ ನಿಲ್ಲುವುದು ಹೇಗೆ? ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಇದು ಗೊತ್ತಾದರೆ ಮ್ಯಾಪಿಂಗ್, ಅಂದರೆ ಸದ್ದುಗಳನ್ನು ಮನೆಗಳಿಗೆ ಕೂರಿಸುವ ಈ ಕೆಲಸ, ಬರೀ ನಂಬರಲ್ಲ ಅನ್ನುವುದು ಗೊತ್ತಾಗುತ್ತದೆ. 42, 44, 46 ಅಂತ ಮೂರು ನಂಬರಿದ್ದರೂ ವಾದ್ಯ ಒಂದೇ. ಎರಡು ತಟ್ಟೆ, ಒಂದು ಪೆಡಲ್. ತೆರೆದಿದ್ದಾಗ ಹೊಡೆದರೆ ‘ಚ್ಯಾಂ’ ಅಂತ ಮೊಳಗುತ್ತಿರುತ್ತದೆ. ಕಾಲು ಒತ್ತಿದ ಕ್ಷಣ ಆ ಮೊಳಗು ನಿಲ್ಲಲೇಬೇಕು, ತಟ್ಟೆಗಳು ಮುಚ್ಚಿದವಲ್ಲ. ಸ್ಯಾಂಪಲ್ಲುಗಳಿಗೆ ಇದು ಗೊತ್ತಿರುವುದಿಲ್ಲ. ನಾವೇ ಹೇಳಬೇಕು. ಮೂರನ್ನೂ ಒಂದೇ ಗುಂಪಿಗೆ ಸೇರಿಸಿ, ಗುಂಪಿನಲ್ಲಿ ಹೊಸದು ಬಂದರೆ ಹಳೆಯದು ನಿಲ್ಲಲಿ ಅಂತ ಬರೆಯಬೇಕು. ಸೌಂಡ್‌ಫಾಂಟಿನಲ್ಲಿ ಇದಕ್ಕೆ ಎಕ್ಸ್‌ಕ್ಲೂಸಿವ್ ಕ್ಲಾಸ್ ಅನ್ನುತ್ತಾರೆ. ಮೂರಕ್ಕೂ ಒಂದೇ ಸಂಖ್ಯೆ ಕೊಟ್ಟರೆ ಆಯಿತು. ಇದನ್ನು ಬಿಟ್ಟ ಕಿಟ್ಟುಗಳಲ್ಲಿ ಹೈಹ್ಯಾಟ್ ಕೇಳಿದರೆ ಮೂವರು ಬೇರೆ ಬೇರೆ ಕೂತು ಹೊಡೆಯುತ್ತಿರುವ ಹಾಗೆ ಇರುತ್ತದೆ. ಕ್ಲೋಸ್ಡ್ ಏಟುಗಳ ಹಿಂದೆ ಓಪನ್ ಹ್ಯಾಟಿನ ಮೊಳಗು ಹಾಗೇ ಉಳಿದಿರುತ್ತದೆ.

ಖಾಲಿ ಮನೆಗಳ ವಿಷಯಕ್ಕೆ ಬರೋಣ. ನಿಮ್ಮ ಹತ್ತಿರ ಒಂದೇ ಕಿಕ್ ಇದೆ, 36ಕ್ಕೆ ಹಾಕಿದಿರಿ. ಯಾರೋ 35ರಲ್ಲಿ ಕಿಕ್ ಬರೆದ ಫೈಲ್ ಕಳಿಸಿದರು. ಹಾಡಿಡೀ ಕಿಕ್ಕೇ ಇಲ್ಲ. ಆದ್ದರಿಂದ ಒಂದೇ ಕಿಕ್ ಇದ್ದರೂ 35, 36 ಎರಡಕ್ಕೂ ಹಾಕಿ. ಸ್ನೇರ್ 38ಕ್ಕೂ 40ಕ್ಕೂ. ಮೂರೇ ಟಾಮ್ ಇದ್ದರೆ ತಗ್ಗಿನದು 41, 43ಕ್ಕೆ, ನಡುವಿನದು 45, 47ಕ್ಕೆ, ಎತ್ತರದ್ದು 48, 50ಕ್ಕೆ. ಜೋಡಿಯಲ್ಲಿ ಒಂದನ್ನು ಒಂದು ಸ್ವರಸ್ಥಾನದಷ್ಟು ಇಳಿಸಿದರೆ ಆರು ಟಾಮ್ ಇದ್ದ ಹಾಗೇ ಕೇಳುತ್ತದೆ. ಕ್ರ್ಯಾಶ್ 49ರ ಜೊತೆ 57ಕ್ಕೂ, ರೈಡ್ 51ರ ಜೊತೆ 59ಕ್ಕೂ ಇರಲಿ. ಪಟ್ಟಿಯ ಹೊರಗೂ ಸ್ವಲ್ಪ ನೋಡಬೇಕು. ರೋಲ್ಯಾಂಡ್ ಎಲೆಕ್ಟ್ರಾನಿಕ್ ಡ್ರಮ್ ಸೆಟ್ಟುಗಳು ಹೈಹ್ಯಾಟಿನ ಅಂಚಿಗೆ ಹೊಡೆದರೆ 22 ಮತ್ತು 26 ಕಳಿಸುತ್ತವೆ. ಮುಚ್ಚಿದ್ದರೆ 22, ತೆರೆದಿದ್ದರೆ 26. ಜನರಲ್ ಮಿಡಿ ಪಟ್ಟಿ ಶುರುವಾಗುವುದೇ 35ರಿಂದ. ಹಾಗಾಗಿ ಅಂಥ ಸೆಟ್ಟಿನಲ್ಲಿ ನುಡಿಸಿದ ಫೈಲ್ ತೆರೆದರೆ ಹ್ಯಾಟ್ ಅಲ್ಲಲ್ಲಿ ಬಿಟ್ಟು ಬಿಟ್ಟು ಬರುತ್ತದೆ. ಫೈಲ್ ಕೆಟ್ಟಿದೆ ಅಂತ ತಿಳಿಯುವವರೇ ಜಾಸ್ತಿ. ಕ್ಲೋಸ್ಡ್ ಹ್ಯಾಟನ್ನು 22ಕ್ಕೂ, ಓಪನ್ ಹ್ಯಾಟನ್ನು 26ಕ್ಕೂ ಇನ್ನೊಂದು ಪ್ರತಿ ಹಾಕಿ, ಅದೇ ಗುಂಪಿಗೆ ಸೇರಿಸಿ. ಸರಿಹೋಗುತ್ತದೆ.

ವೆಲಾಸಿಟಿ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಸ್ಟ್ಯಾಂಡರ್ಡ್ ಯಾವ ನಂಬರಿಗೆ ಯಾವ ವಾದ್ಯ ಅಂತ ಹೇಳುತ್ತದೆ. ಒಂದಕ್ಕೊಂದು ಎಷ್ಟು ಜೋರಿರಬೇಕು ಅಂತ ಹೇಳುವುದಿಲ್ಲ. ಎಲ್ಲ ಸ್ಯಾಂಪಲ್ಲನ್ನೂ ಗರಿಷ್ಠ ಮಟ್ಟಕ್ಕೆ ಏರಿಸಿ ಇಟ್ಟರೆ ಸೈಡ್ ಸ್ಟಿಕ್ ಕೂಡ ಕಿಕ್ಕಿನಷ್ಟೇ ಕೂಗುತ್ತದೆ. ಎಲ್ಲವನ್ನೂ 100ರ ವೆಲಾಸಿಟಿಯಲ್ಲಿ ಒಂದೊಂದಾಗಿ ಹೊಡೆದು, ನಿಜವಾದ ಡ್ರಮ್ ಸೆಟ್ಟಿನ ಮುಂದೆ ಕೂತ ಹಾಗೆ ಕಿವಿಯಿಂದ ಮಟ್ಟ ಸರಿಮಾಡಿಕೊಳ್ಳಿ.

ನಮ್ಮ ವಾದ್ಯಗಳ ಕತೆ ಏನು ಅಂತ ನೀವು ಕೇಳಬೇಕು. ನಮ್ಮ ಆರ್ಕೆಸ್ಟ್ರಾಗಳಲ್ಲಿ ರಿದಮ್ ಪ್ಯಾಡ್ ನುಡಿಸುವವರಿಗೆ ಈ ಪ್ರಶ್ನೆ ದಿನಾ ಇದೆ. ನಾವೆಲ್ಲ ಆಕ್ಟೋಪ್ಯಾಡ್ ಅನ್ನುತ್ತೇವಲ್ಲ, ಆ ಹೆಸರಿನ ಮೊದಲ ಯಂತ್ರ 1985ರಲ್ಲಿ ಬಂತು. ಎಂಟು ರಬ್ಬರ್ ಪ್ಯಾಡ್. ಅದರೊಳಗೆ ಸದ್ದೇ ಇರಲಿಲ್ಲ. ಹೊಡೆದರೆ ಮಿಡಿ ನಂಬರ್ ಕಳಿಸುತ್ತಿತ್ತು, ಅಷ್ಟೇ. ಸದ್ದು ಬೇರೆ ಯಂತ್ರದಿಂದ ಬರಬೇಕಿತ್ತು. ಇವತ್ತು ಮದುವೆ ಮನೆಯಲ್ಲಿ, ಗಣೇಶನ ಪೆಂಡಾಲಿನಲ್ಲಿ ಒಬ್ಬರೇ ಕೂತು ತಬಲಾ, ಢೋಲಕ್, ತಮಟೆ ಎಲ್ಲವನ್ನೂ ಪ್ಯಾಡಿನ ಮೇಲೆ ತರುತ್ತಾರೆ. ಅವರ ಕೈಚಳಕಕ್ಕೆ ನಾನು ತಲೆಬಾಗುತ್ತೇನೆ. ಆದರೆ ಜನರಲ್ ಮಿಡಿಯಲ್ಲಿ ಡ್ರಮ್ ಅಲ್ಲದ ವಾದ್ಯಗಳಿಗಿರುವ ಬೇರೆ ಪಟ್ಟಿಯಲ್ಲಿ ಸಿತಾರ್‌ಗೆ 105, ಶಹನಾಯಿಗೆ 112 ಅಂತ ಜಾಗ ಇದೆ. ತಬಲಾಗೆ, ಮೃದಂಗಕ್ಕೆ, ಡೊಳ್ಳಿಗೆ, ಚಂಡೆಗೆ ಡ್ರಮ್ ಪಟ್ಟಿಯ ಆ 47 ಮನೆಗಳಲ್ಲಿ ಒಂದೂ ಇಲ್ಲ. ಬ್ರೆಜಿಲ್‌ನ ಕ್ವೀಕಾ ಅನ್ನುವ ಡ್ರಮ್ಮಿಗೆ ಎರಡು ಮನೆ ಇದೆ. ನನಗೆ ಇದು ಇವತ್ತಿಗೂ ಬೇಜಾರು. ಕೆಲವು ಕೀಬೋರ್ಡುಗಳಲ್ಲಿ ತಬಲಾ ಕಿಟ್ ಸಿಗುತ್ತದೆ, ಆದರೆ ಒಂದರ ಜೋಡಣೆ ಇನ್ನೊಂದರಂತಿಲ್ಲ. 1991ಕ್ಕೆ ಮುಂಚೆ ಡ್ರಮ್ ಸೆಟ್ ಇದ್ದ ಸ್ಥಿತಿಯಲ್ಲೇ ನಮ್ಮ ತಬಲಾ ಇದೆ.

ನಾನು ಮಾಡಿಕೊಂಡಿರುವ ದಾರಿ ಹೇಳುತ್ತೇನೆ. ಹೆಸರು ನೋಡಿ ಕೂರಿಸುವುದಿಲ್ಲ, ಕೆಲಸ ನೋಡಿ ಕೂರಿಸುತ್ತೇನೆ. 60ರಿಂದ 64ರವರೆಗೆ ಕೈಯಿಂದ ನುಡಿಸುವ ವಾದ್ಯಗಳೇ ಇವೆ. ಅಲ್ಲಿ ತಬಲಾದ ಬೋಲುಗಳನ್ನು, ಅಂದರೆ ಏಟುಗಳನ್ನು, ಇಡುತ್ತೇನೆ. 60 ಎತ್ತರದ ಬೊಂಗೋ, ಅಲ್ಲಿಗೆ ‘ನಾ’. 61 ತಗ್ಗಿನ ಬೊಂಗೋ, ಅಲ್ಲಿಗೆ ‘ತಿಂ’. 62 ಕಾಂಗಾದ ಮುಚ್ಚಿದ ಏಟು, ಅಲ್ಲಿಗೆ ‘ತೆ’. 63 ತೆರೆದ ಏಟು, ‘ತುನ್’. 64 ತಗ್ಗಿನ ಕಾಂಗಾ, ಅಲ್ಲಿಗೆ ಎಡಗೈಯಲ್ಲಿ ನುಡಿಸುವ ಡಗ್ಗಾದ ‘ಗೆ’. ಈಗ ಕಾಂಗಾಕ್ಕೆ ಅಂತ ಬರೆದ ಯಾವುದೇ ಫೈಲನ್ನು ನನ್ನ ಕಿಟ್ಟಿಗೆ ಕೊಟ್ಟರೂ ಮುಚ್ಚಿದ ಏಟಿಗೆ ಮುಚ್ಚಿದ್ದು, ತೆರೆದದ್ದಕ್ಕೆ ತೆರೆದದ್ದು ಬರುತ್ತದೆ. ನಾನು ತಬಲಾಗೆ ಬರೆದದ್ದನ್ನು ಬೇರೆಯವರ ಕಾಂಗಾ ನುಡಿಸಿದರೂ ಲಯ ಕೆಡುವುದಿಲ್ಲ. ಉಳಿದ ಬೋಲುಗಳನ್ನು 88ರಿಂದ ಮೇಲೆ ಇಟ್ಟಿದ್ದೇನೆ. 82ರಿಂದ ಯಾಕಲ್ಲ ಅಂದರೆ, ಆಮೇಲೆ ಬಂದ ಜನರಲ್ ಮಿಡಿ 2ರಲ್ಲಿ ಪಟ್ಟಿಯನ್ನು 27ರಿಂದ 87ರವರೆಗೆ ಬೆಳೆಸಿದ್ದಾರೆ. ಆ ಮನೆಗಳಿಗೆ ಬೇರೆಯವರು ಆಗಲೇ ಬಂದಿದ್ದಾರೆ.

‘ಧಾ’ ಎಲ್ಲಿ ಅಂತ ತಬಲಾ ಗೊತ್ತಿರುವವರು ಕೇಳುತ್ತೀರಿ. ‘ಧಾ’ಕ್ಕೆ ಬೇರೆ ಸ್ಯಾಂಪಲ್ ಬೇಡ ಅನ್ನುವುದು ನನ್ನ ಅಭಿಪ್ರಾಯ. ‘ಗೆ’ ಮತ್ತು ‘ನಾ’ ಒಟ್ಟಿಗೆ ಬಿದ್ದರೆ ಅದೇ ‘ಧಾ’. 60 ಮತ್ತು 64 ಒಟ್ಟಿಗೆ ಹೊಡೆಯಿರಿ. ಕೇಳಿದಿರಲ್ಲ? ಎರಡೂ ಕೈ ಬೇರೆ ಬೇರೆ ಇದ್ದರೆ ಒಂದು ‘ಧಾ’ದಲ್ಲಿ ಡಗ್ಗಾ ಸ್ವಲ್ಪ ಜೋರು, ಇನ್ನೊಂದರಲ್ಲಿ ಸ್ವಲ್ಪ ಮೆತ್ತಗೆ ಮಾಡಬಹುದು. ಹಾಗೆ ಮಾಡಿದರೆ ಠೇಕಾಕ್ಕೆ ಜೀವ ಬರುತ್ತದೆ. ಹೈಹ್ಯಾಟಿನ ಗುಂಪಿನ ವಿಷಯ ಇಲ್ಲೂ ಇದೆ. ‘ತುನ್’ ಮೊಳಗುತ್ತಿರುವಾಗ ‘ತೆ’ ಹೊಡೆದರೆ ಕೈ ಆ ಮೊಳಗನ್ನು ಮುಚ್ಚುತ್ತದೆ. ಆದ್ದರಿಂದ ಬಲಗೈ ಬೋಲುಗಳೆಲ್ಲ ಒಂದು ಗುಂಪು, ಡಗ್ಗಾದ ‘ಗೆ’ ಮತ್ತು ‘ಕತ್’ ಇನ್ನೊಂದು ಗುಂಪು. ಒಂದು ಕೈ ಇನ್ನೊಂದು ಕೈಯ ಸದ್ದನ್ನು ನಿಲ್ಲಿಸಬಾರದು.

ಶ್ರುತಿ ಮಾತ್ರ ಬೇರೆ ಲೆಕ್ಕ. ಹಾಡುವವರು ಕಪ್ಪು ಒಂದಕ್ಕೆ ಹಾಡಿದರೆ ತಬಲಾ ಅಲ್ಲಿಗೆ ಸೇರಬೇಕು, ಬಿಳಿ ನಾಲ್ಕಕ್ಕೆ ಹಾಡಿದರೆ ಅಲ್ಲಿಗೆ. ಆಗ ನೋಟ್ ನಂಬರ್ ಸರಿಸಬೇಡಿ. ಸ್ಯಾಂಪ್ಲರಿನ ಟ್ಯೂನ್ ಗುಂಡಿಯಿಂದ ಬಲಗೈಯ ಬೋಲುಗಳನ್ನು ಮಾತ್ರ ಒಟ್ಟಿಗೆ ಏರಿಸಿ ಇಳಿಸಿ. ನಂಬರ್ ಇದ್ದಲ್ಲೇ ಇರಲಿ.

ಎಲ್ಲ ಆದ ಮೇಲೆ ಪರೀಕ್ಷೆ. ನಾನು 35ರಿಂದ 81ರವರೆಗೆ ಒಂದೊಂದೇ ನೋಟ್ ಬರುವ ಒಂದು ಫೈಲ್ ಇಟ್ಟುಕೊಂಡಿದ್ದೇನೆ. ಕಣ್ಣು ಮುಚ್ಚಿ ಕೇಳುತ್ತೇನೆ. ಎಲ್ಲಿ ಮೌನ ಇದೆಯೋ ಅಲ್ಲಿ ಕೆಲಸ ಬಾಕಿ ಇದೆ. ಆಮೇಲೆ ಬೇರೆಯವರು ಬರೆದ ಒಂದು ಡ್ರಮ್ ಫೈಲ್ ಹಾಕುತ್ತೇನೆ, ನಾನು ಬರೆದದ್ದಲ್ಲ. ನಾನು ಬರೆದದ್ದು ನನ್ನ ತಪ್ಪಿಗೂ ಹೊಂದಿಕೊಂಡಿರುತ್ತದೆ.

ಫೈಲ್ ಹೆಸರಿನ ಮೊದಲಿಗೆ ಈಗ ನೋಟ್ ನಂಬರ್ ಬರೆಯುತ್ತೇನೆ, ಮೂರು ಅಂಕಿಯಲ್ಲಿ. 036 ಕಿಕ್, 038 ಸ್ನೇರ್, 042 ಕ್ಲೋಸ್ಡ್ ಹ್ಯಾಟ್. ಮೂರು ಅಂಕಿ ಇದ್ದರೆ 100 ದಾಟಿದವೂ ಸಾಲು ತಪ್ಪುವುದಿಲ್ಲ. ಸಾಫ್ಟ್‌ವೇರ್ ಅಕ್ಷರ ಕ್ರಮದಲ್ಲೇ ಜೋಡಿಸಲಿ, ಫೋಲ್ಡರಿನಲ್ಲಿ ಕಾಣುವ ಸಾಲೇ ಕೀಬೋರ್ಡಿನ ಸಾಲು. ಆ ನಾಟಕದ ಎಂಟು ಸ್ಯಾಂಪಲ್ಲುಗಳು ಇನ್ನೂ ನನ್ನ ಹತ್ತಿರ ಇವೆ. ಅವುಗಳ ಹೆಸರನ್ನೂ ಹಾಗೇ ಬದಲಿಸಿದ್ದೇನೆ. ಈಗ ಅವನ್ನೇ ನುಡಿಸಿ ತೋರಿಸುತ್ತೇನೆ, 36ರಿಂದ ಶುರು ಮಾಡೋಣ.